ಇಳಿಜಾರಿನಲ್ಲಿ ಕೆಂದ

ಪಳಗದ ಹೋರಿ ಕೆಂದನನ್ನು ಗಾಡಿಯವನು ಮುದಿ ಎತ್ತು ಬಿಳಿಯನ ಜೊತೆ ಹೆಂಚಿನ ಗಾಡಿಗೆ ಹೂಡಿದ. ಏರಿನುದ್ದಕ್ಕೂ ಜಗ್ಗಿ ಜಗ್ಗಿ ಎಳೆದು ಏದುಸಿರು ಬಿಡುತ್ತಿದ್ದರೂ, "ನನಗೆ ಯಾರೂ ಹೇಳಿಕೊಡಬೇಕಿಲ್ಲ" ಎಂದು ಕೆಂದ ಬೀಗಿತು.

ಇಳಿಜಾರು ಬಂದದ್ದೇ ತಡ, ಗಾಡಿ ಹಿಂದಿನಿಂದ ನೂಕತೊಡಗಿತು. ಹೆದರಿದ ಕೆಂದ ತಪ್ಪಿಸಿಕೊಳ್ಳಲು ಓಟ ಕಿತ್ತಿತು. ಕೆಳಗಿನ ತಿರುವಿನಲ್ಲಿ ಕೆರೆಯಿತ್ತು.

"ನೀನು ಓಡಿದಷ್ಟೂ ಅದು ಅಟ್ಟಿಸಿಕೊಂಡು ಬರುತ್ತದೆ, ಮಗಾ. ಗೊರಸು ಊರು. ಕುತ್ತಿಗೆಯಿಂದ ನೊಗ ತಡೆದು ಹಿಂದಕ್ಕೆ ವಾಲು" ಎಂದಿತು ಬಿಳಿಯ.

ವಾದಕ್ಕೆ ಹೊತ್ತಿರಲಿಲ್ಲ, ಬಿಳಿಯ ಹೇಳಿದ ಹಾಗೇ ಕೆಂದ ಮಾಡಿತು. ಗಾಡಿ ಕಿರುಗುಟ್ಟುತ್ತ ನಿಧಾನವಾಯಿತು, ತಿರುವು ದಾಟಿತು, ಕೆರೆ ಹಿಂದುಳಿಯಿತು. ಒಂದು ಹೆಂಚೂ ಒಡೆಯಲಿಲ್ಲ.

ಸಮನೆಲಕ್ಕೆ ಬಂದ ಮೇಲೆ ಕೆಂದ ನೀಳವಾಗಿ ಉಸಿರು ಬಿಟ್ಟು ಮೆಲ್ಲಗೆ ಕೇಳಿತು: "ದೊಡ್ಡಪ್ಪಾ, ಏರು ಹತ್ತುವುದಕ್ಕೂ ಒಂದು ರೀತಿ ಇದೆಯೇನು?"