ಗುಮಾನಿ ಸಾಹೇಬರು ಬೆಟ್ಟ ಹತ್ತಿದ್ದು

ನಿವೃತ್ತ ಇನ್ಸ್‌ಪೆಕ್ಟರ್ ಪುಟ್ಟಲಿಂಗಯ್ಯನವರಿಗೆ ಹೆಂಡತಿ ಕೊಟ್ಟ ಕಾಫಿಯ ಮೇಲೂ ಗುಮಾನಿ. ಕುರಿ ಕಾಯುವ ಸಣ್ಣೀರಮ್ಮ ಅವರವರ ಮಂಡಿಗೆ ಒಗ್ಗುವ ದಾರಿ ನೋಡಿ ಬೆಟ್ಟ ಹತ್ತಿಸುತ್ತಾಳೆ ಎಂದು ಕೇಳಿ, ಅವಳನ್ನು ಗೊತ್ತು ಮಾಡಿಕೊಂಡರು. ನಂಬಲಿಲ್ಲ, ಅಷ್ಟೆ.

ಮೊದಲ ಕವಲಿನಲ್ಲಿ ಅವಳು, “ಬಲಕ್ಕೆ ಬನ್ನಿ ಸಾಮಿ” ಎಂದಳು. ಸುತ್ತು ಹೊಡೆಸುತ್ತಾಳೆಂದು ಸಾಹೇಬರು ಎಡಕ್ಕೆ ನುಗ್ಗಿದರು. ಕಾರೆಮುಳ್ಳಿನ ಪೊದೆಯಲ್ಲಿ ಪ್ಯಾಂಟು ಹರಿದುಕೊಂಡು ವಾಪಸು ಬಂದರು.

“ನಾನು ಎಡಕ್ಕೆ ಹೋಗಲಿ ಅಂತಲೇ ಬಲ ಅಂದೆ, ಅಲ್ವಾ?” ಎಂದು ಗದರಿದರು.

ಸಣ್ಣೀರಮ್ಮ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಮುಂದೆ ನಡೆದಳು.

ಎರಡನೇ ಕವಲಿನಲ್ಲಿ ಅವಳು ಎಡ ಎಂದಳು, ಅವರು ಬಲಕ್ಕೆ ಹೊರಟರು. ಮೂರನೆಯದರಲ್ಲಿ ಅವಳು ಬಲ ಎಂದಳು, ಅವರು ಎಡಕ್ಕೆ. ಬಿಸಿಲೇರುವ ಮೊದಲೇ, ಮಂಡಿ ಒಮ್ಮೆಯೂ ಚುರುಕ್ಕೆನ್ನದೆ, ತುದಿ ಬಂತು.

“ನೋಡಿದೆಯಾ? ನಿನ್ನ ಮಾತು ಕೇಳಿದ್ದರೆ ಇಲ್ಲಿಗೆ ಬರ್ತಿದ್ದೆನಾ?” ಸಾಹೇಬರು ಮೀಸೆ ತಿರುವಿದರು.

“ಎಲ್ಲಿ ಬರ್ತಿದ್ರಿ! ಅದಕ್ಕೇ ಮುಳ್ಳಿನ ಪೊದೆ ಆದಮ್ಯಾಲೆ ಎಲ್ಲಾ ಉಲ್ಟಾನೇ ಹೇಳ್ಕಂಡು ಬಂದೆ. ಉಪಾಯ ಹೇಳ್ಕೊಟ್ಟೋರು ನೀವೇಯ.”

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. ಸಾಹೇಬರು ಮೆಲ್ಲಗೆ ಕೇಳಿದರು: “ಇಳಿಯೋಕೆ ಯಾವ ಕಡೆ? ನಿಜ ಹೇಳು.”

“ನಿಜ ಹೇಳಿದ್ರೆ ದಾರಿ ತಪ್ತೀರಲ್ಲ ಸಾಮಿ!”