ಆಯುಧ ಪೂಜೆಯ ಮರುದಿನ

ಗದಿಗೆಪ್ಪ ಗುರುಗಳ ಆಶ್ರಮ ಅಂದರೆ ಹೊಳೆದಂಡೆಯ ಒಂದು ತಗಡಿನ ಶೆಡ್ಡು. ಜಪವಿಲ್ಲ, ತಪವಿಲ್ಲ. ಅಲ್ಲಿ ಕಲಿಸುತ್ತಿದ್ದದ್ದು ನೆಲ ಅಳೆಯುವ ವಿದ್ಯೆಯೊಂದನ್ನೇ.

ಶಿಷ್ಯೆ ಶಿವಲೀಲಾಗೆ ಗುರುಗಳ ಮೇಲೆ ಎಂಥ ಭಕ್ತಿ ಅಂತೀರಿ! ಅವರೆದುರು ಕೂರುತ್ತಿರಲಿಲ್ಲ, ಬಾಯಿಬಿಟ್ಟು ಒಂದು ಸಂದೇಹ ಕೇಳುತ್ತಿರಲಿಲ್ಲ. ಚಹಾ ಮುಂದಿಟ್ಟು, ಬಾ ಕೂಡು ಅಂತ ಕರೆದು ಕರೆದು ಗುರುಗಳೇ ಸೋತಿದ್ದರು.

ಆಯುಧ ಪೂಜೆಯ ಮರುದಿನ ಅವಳನ್ನು ಮೊದಲ ಸಲ ಒಬ್ಬಳನ್ನೇ ಕೆಲಸಕ್ಕೆ ಕಳಿಸಿದರು. ಆಚೆ ದಂಡೆಯ ಮಕ್ಕಳು ದೋಣಿ ಹತ್ತಿ ಶಾಲೆಗೆ ಬರುತ್ತಿದ್ದರು. ಅವರಿಗೊಂದು ಕಾಲುಸೇತುವೆ ಆಗಬೇಕು, ಅದಕ್ಕೆ ನಡುಹೊಳೆಯ ಮರಳದಿಬ್ಬ ಅಳೆಯಬೇಕು. ಮಧ್ಯಾಹ್ನ ಅಣೆಕಟ್ಟೆಯಿಂದ ನೀರು ಬಿಟ್ಟರೆ ದಿಬ್ಬ ಮುಳುಗುತ್ತದೆ, ಸೇತುವೆ ಮುಂದಿನ ವರ್ಷಕ್ಕೆ ಹೋಗುತ್ತದೆ.

ದೋಣಿಯ ಹುಸೇನಸಾಬ ಅವಳನ್ನು ದಿಬ್ಬಕ್ಕೆ ದಾಟಿಸಿ, ಅಳತೆಯ ಕೋಲು ಹಿಡಿದು ದೂರ ನಿಂತ. ಶಿವಲೀಲಾ ನೆಲ ಅಳೆಯುವ ಯಂತ್ರವನ್ನು ಮುಕ್ಕಾಲಿಯ ಮೇಲೇರಿಸಿ ಗುಂಡಿ ಒತ್ತಿದಳು. ಪರದೆ ಬೆಳಗಲಿಲ್ಲ.

ಬ್ಯಾಟರಿ ಬದಲಿಸಿದಳು. ಊಹೂಂ. ಮೊದಲಿನದನ್ನೇ ತಿರುಗಿ ಹಾಕಿದಳು, ತಟ್ಟಿದಳು, ಊದಿದಳು. ಎರಡಕ್ಕೂ ಚಾರ್ಜ್ ತುಂಬಿಸಿ ಪೂಜೆಗಿಟ್ಟವಳು ಅವಳೇ. ಅಂದಮೇಲೆ ಕೆಟ್ಟಿದ್ದು ಯಂತ್ರವೇ. ಗುರುಗಳು ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಯಂತ್ರ ತನ್ನ ಕೈಯಲ್ಲಿ ಹಾಳಾಯಿತಲ್ಲ ಎಂದುಕೊಂಡಳು.

ಜೇಬಿನಲ್ಲಿ ಫೋನಿತ್ತು. ಗುರುಗಳಿಗೆ ಇದನ್ನು ಯಾವ ಬಾಯಿಂದ ಹೇಳುವುದು? ಬಿಸಿಲು ನೆತ್ತಿಗೇರಿದರೂ ಹೇಳಲಿಲ್ಲ. ಕಡೆಗೆ ಹುಸೇನಸಾಬನೇ ದೋಣಿ ತಿರುಗಿಸಿ ಗುರುಗಳನ್ನು ಕರೆತಂದ.

ಗುರುಗಳು ಯಂತ್ರ ಮುಟ್ಟಲಿಲ್ಲ. ಮರಳ ಮೇಲೆ ಕೂತರು.

"ಕಡೀಕ ನಡದಿದ್ದು ಯಾವಾಗ?"

"ಮೊನ್ನೆ ರೀ."

"ಆಮ್ಯಾಲೆ ಇದಕ್ಕ ಏನೇನ ಮಾಡಿದಿ?"

"ಏನೂ ಇಲ್ರಿ. ಚಾರ್ಜ್ ಹಾಕಿದೆ, ಪೂಜೆ ಮಾಡಿದೆ."

"ಪೂಜೆ ಹೆಂಗ ಮಾಡಿದಿ, ಹೇಳು."

ಅವಳು ಹೇಳಿದಳು. ಯಂತ್ರ ಒರೆಸಿದ್ದು, ಮುಕ್ಕಾಲಿಗೆ ಚೆಂಡುಹೂವು ಕಟ್ಟಿದ್ದು, ಶಕ್ತಿ ಇರುವುದೇ ಅದರಲ್ಲಿ ಅಂತ ಎರಡೂ ಬ್ಯಾಟರಿಗೆ ಕೈತುಂಬ ಗಂಧ ಹಚ್ಚಿದ್ದು.

"ಬ್ಯಾಟರಿಗೆ ಎಲ್ಲಿ ಹಚ್ಚಿದಿ?"

"ಆ ಹಳದಿ ತಗಡು ಹೊಳೀತಾವಲ್ರಿ, ಅಲ್ಲಿ. ಅದನ್ನ ಹಣಿ ಅಂತ ತಿಳದೆ."

ಗುರುಗಳಿಗೆ ನಗು ತಡೆಯಲಾಗಲಿಲ್ಲ. "ಅದು ಹಣಿ ಅಲ್ಲವ್ವ, ಕರೆಂಟ್ ಹಾಯೋ ದಾರಿ." ನಗುತ್ತಲೇ ಬ್ಯಾಟರಿ ಇಸಿದುಕೊಂಡು, ಹೆಗಲ ಟವೆಲಿನ ತುದಿಯಿಂದ ಒಣಗಿದ ಗಂಧ ತಿಕ್ಕಿ ತಿಕ್ಕಿ ತೆಗೆದರು. ತಗಡು ಹೊಳೆಯಿತು. ಅದನ್ನು ಅವಳ ಕೈಗೇ ಕೊಟ್ಟರು.

ಹಾಕಿದಳು. ಪರದೆ ಬೆಳಗಿತು.

ಆಮೇಲೆ ಅವಳ ಓಡಾಟ ನೋಡಬೇಕಿತ್ತು! ಕಡೆಯ ಗೂಟ ಹೊಡೆದು ಮುಗಿಸುವ ಹೊತ್ತಿಗೆ ಹೊಳೆಯ ನೀರು ಪಾದಕ್ಕೆ ಬಂದಿತ್ತು. ಮೂವರೂ ದೋಣಿ ಹತ್ತಿ ದಂಡೆಗೆ ಬಂದರು.

ಇಳಿದವಳೇ ಗುರುಗಳ ಕಾಲಿಗೆ ಬಿದ್ದಳು. ಬಿದ್ದವಳು ಏಳಲಿಲ್ಲ.

"ನನಗ್ಯಾಕ ಫೋನ್ ಮಾಡಲಿಲ್ಲ?" ಎಂದರು ಗುರುಗಳು.

"ನಿಮಗ ಹೆಂಗ ಕೇಳಲ್ರಿ? ನೀವು ದೇವರಿದ್ದಂಗ."

ಗುರುಗಳು ಬಗ್ಗಿ ಅವಳ ರಟ್ಟೆ ಹಿಡಿದು ಎಬ್ಬಿಸಿದರು.

"ಏಳವ್ವ. ನನಗೂ ಅಷ್ಟು ಗಂಧ ಹಚ್ಚಬ್ಯಾಡ."