ಎಂಟು ಜನರ ಹಡಗು

“ಅವ್ವಾ, ನಿನ್ನೆ ನೀವು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಎಲ್ಲಕ್ಕೂ ಸರಿ ಎಂದಿರಿ. ಇನ್ನು ನಾಲ್ಕು ಜನರನ್ನು ನಡೆಸುವ ಅಧಿಕಾರ ನನಗೆ ಬಂದ ಹಾಗೆಯೇ ಅಲ್ಲವೆ?”

ಕೇಳಿದವನು ಅಡವಯ್ಯ. ಬಯಲುಸೀಮೆಯ ಒಂದು ಕೆರೆಯ ದಂಡೆಯಲ್ಲಿದ್ದ ಅವ್ವನ ಮಠದಲ್ಲಿ ಅವನು ಒಂಬತ್ತು ವರ್ಷ ಕಲಿತಿದ್ದ. ದೂರದ ಊರಿನ ಮಠದವರು ತಮಗೊಬ್ಬ ಗುರು ಬೇಕೆಂದು ಹೇಳಿ ಕಳಿಸಿದ್ದರು. ಅಲ್ಲಿ ಹದಿನೇಳು ಮಕ್ಕಳು ಕಾಯುತ್ತಿದ್ದರು. ಹಿಂದಿನ ದಿನ ಅಡವಯ್ಯ ಕಣ್ಣು ಮುಚ್ಚಿ, ಕೈ ಮುಗಿದು ಕುಳಿತು, ಮೊದಲಿನಿಂದ ಕೊನೆಯವರೆಗೆ ಕಲಿತದ್ದೆಲ್ಲವನ್ನೂ ಒಪ್ಪಿಸಿದ್ದ. ಅವ್ವ ಮಡಿಲಲ್ಲಿ ಪುಸ್ತಕವಿಟ್ಟುಕೊಂಡು, ಪುಟ ಮಗುಚುತ್ತ, ಸರಿ, ಸರಿ ಎಂದಿದ್ದರು.

ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟು ಕೇಳಿದರು.

“ಯಾವಾಗ ಹೊರಡುತ್ತೀ?”

“ನಾಳೆ ಬೆಳಿಗ್ಗೆ. ಗಾಡಿಗೆ ಹೇಳಿದ್ದೇನೆ.”

“ಸಮುದ್ರ ನೋಡಿದ್ದೀಯಾ?”

“ಇಲ್ಲ ಅವ್ವಾ. ನಮ್ಮ ಕೆರೆ ನೋಡಿದ್ದೇನೆ.”

“ಅದರ ಆಚೆಯ ದಂಡೆಯನ್ನು ತೆಗೆದುಬಿಡು. ಅದೇ ಸಮುದ್ರ.”

ಅವ್ವ ಹುಟ್ಟಿದ್ದು ಕಡಲ ಕರೆಯಲ್ಲಿ. ಈ ಸೀಮೆಗೆ ಬಂದು ಐವತ್ತು ವರ್ಷವಾಗಿತ್ತು. ಅವರು ಮೊರವನ್ನು ಕೆಳಗಿಟ್ಟು ಈ ಕತೆ ಹೇಳಿದರು.

ಒಂದು ಬಂದರು. ಅಲ್ಲಿಂದ ಸರಕು ತುಂಬಿದ ಹಡಗುಗಳು ದೂರದ ಊರುಗಳಿಗೆ ಹೋಗುತ್ತಿದ್ದವು. ಆ ಬಂದರಿನಲ್ಲಿ ಒಂದು ಕಟ್ಟಳೆ ಇತ್ತು. ಇಂಥ ಹಡಗಿಗೆ ಇಷ್ಟು ಜನ ಇರಲೇಬೇಕು. ಅವರಲ್ಲಿ ಒಬ್ಬೊಬ್ಬನ ಹತ್ತಿರವೂ ಅವನವನ ಕೆಲಸಕ್ಕೆ ತಕ್ಕ ಅರ್ಹತಾ ಪತ್ರ ಇರಬೇಕು. ಒಬ್ಬ ಕಡಿಮೆಯಾದರೂ, ಒಬ್ಬನ ಪತ್ರದ ಅವಧಿ ಮುಗಿದಿದ್ದರೂ, ಹಗ್ಗ ಬಿಚ್ಚುವಂತಿಲ್ಲ. ಸಮುದ್ರಕ್ಕೆ ಯಾರ ಮುಲಾಜೂ ಇಲ್ಲವೆಂದು ತಿಳಿದವರು ಯಾರೋ ಹಿಂದಿನ ಕಾಲದಲ್ಲಿ ಮಾಡಿದ ಕಟ್ಟಳೆ ಅದು.

ಅಲ್ಲಿದ್ದ ಒಂದು ಹಡಗಿಗೆ ಎಂಟು ಜನ ಎಂದು ಬರೆದಿತ್ತು. ಹಡಗಿಗೆಲ್ಲ ಹಿರಿಯನಾದ ತಾಂಡೇಲ ಒಬ್ಬ. ಚುಕ್ಕಾಣಿ ಹಿಡಿಯುವವನು ಒಬ್ಬ. ಇಂಜಿನು ನೋಡಿಕೊಳ್ಳುವವರು ಇಬ್ಬರು. ಹಗ್ಗ, ಲಂಗರು, ಸರಕು ಎಂದು ಮೇಲುಗಡೆಯ ಕೆಲಸಕ್ಕೆ ಮೂವರು. ಎಂಟನೆಯವನು ಅಡುಗೆಯವ.

ಅಡುಗೆಯವನಿಗೂ ಒಂದು ಪತ್ರವಿತ್ತು. ಅವನಿಗೆ ಅಂಟುರೋಗವಿಲ್ಲ, ಒಲೆಯ ಬೆಂಕಿ ಎದ್ದರೆ ಆರಿಸಲು ಬರುತ್ತದೆ ಎಂದು ಅದರಲ್ಲಿ ಬರೆದಿತ್ತು. ಉಳಿದವರು ಅದನ್ನು ಓದಿ ನಗುತ್ತಿದ್ದರು. “ಲೆಕ್ಕಕ್ಕುಂಟು, ಆಟಕ್ಕಿಲ್ಲ” ಎಂದು ಅವನನ್ನು ಕಿಚಾಯಿಸುತ್ತಿದ್ದರು. ಅಡುಗೆಯವನೂ ನಗುತ್ತಿದ್ದ. ನಗುವುದಕ್ಕೆ ಪತ್ರ ಬೇಕಿಲ್ಲವಲ್ಲ.

ಆದರೆ ಬಡಿಸುವವನಿಗೆ ಕೆಲವು ಸಂಗತಿಗಳು ಎಲ್ಲರಿಗಿಂತ ಮೊದಲು ತಿಳಿಯುತ್ತವೆ. ಚುಕ್ಕಾಣಿಯವನ ಕೈ ತಟ್ಟೆಯನ್ನು ಮುಟ್ಟುವ ಮೊದಲು ಗಾಳಿಯನ್ನು ಮುಟ್ಟುತ್ತದೆ ಎಂಬುದನ್ನು ಅಡುಗೆಯವ ಕಂಡ. ಲೋಟವನ್ನು ಬಲಕ್ಕಿಟ್ಟರೆ ಅವನು ಎಡಕ್ಕೆ ತಡವುತ್ತಿದ್ದ. ಮೀನಿನ ಮುಳ್ಳನ್ನು ನೋಡಿ ತೆಗೆಯುತ್ತಿರಲಿಲ್ಲ, ನಾಲಿಗೆಯಿಂದ ಹುಡುಕಿ ತೆಗೆಯುತ್ತಿದ್ದ. ಅವನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಈಗ ಅದು ಗಟ್ಟಿಯಾಗಿತ್ತು.

ಆ ವರ್ಷದ ಮಳೆಯ ಜೋರು ಇಳಿಯಿತು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟದ್ದಾಯಿತು. ಹಡಗುಗಳು ಹೊರಡುವ ಕಾಲ ಬಂತು. ಅದೇ ಹೊತ್ತಿಗೆ ಚುಕ್ಕಾಣಿಯವನ ಪತ್ರದ ಅವಧಿಯೂ ಮುಗಿಯಿತು. ಹೊಸದಾಗಬೇಕಾದರೆ ಬಂದರಿನ ಕಚೇರಿಗೆ ಹೋಗಿ ಕಣ್ಣಿನ ಪರೀಕ್ಷೆ ಕೊಡಬೇಕು. ಅಲ್ಲಿ ಒಂದು ಗೋಡೆಯ ಮೇಲೆ ಐದು ಸಾಲು ಅಕ್ಷರ ಬರೆದಿದ್ದರು. ಮೇಲೆ ಒಂದೇ ದೊಡ್ಡ ಅಕ್ಷರ. ಕೆಳಗಿಳಿದಂತೆ ಅಕ್ಷರ ಹೆಚ್ಚುತ್ತ, ಚಿಕ್ಕದಾಗುತ್ತ ಹೋಗುತ್ತಿತ್ತು. ಇಪ್ಪತ್ತೊಂದು ಅಕ್ಷರ. ದೂರದಲ್ಲಿ ನಿಂತು ಅಷ್ಟನ್ನೂ ಓದಿದವನಿಗೆ ಮುದ್ರೆ.

ಚುಕ್ಕಾಣಿಯವನು ತಾನಾಗಿಯೇ ಬಂದು ಎಲ್ಲರೆದುರು ಹೇಳಿದ. “ನನಗೆ ಗೋಡೆಯೇ ಕಾಣುವುದಿಲ್ಲ. ಅಕ್ಷರದ ಮಾತು ಎಲ್ಲಿಂದ ಬಂತು?”

ಅವನು ಚುಕ್ಕಾಣಿ ಹಿಡಿದು ಮೂವತ್ತು ವರ್ಷವಾಗಿತ್ತು. ಅವನ ಕೈಯಿಂದ ಆ ಏಳೂ ಜನ ಒಂದು ಸಲವಲ್ಲ, ಮೂರು ಸಲ ಬದುಕಿ ದಡ ಸೇರಿದ್ದರು. ಪತ್ರವಿದ್ದ ಬೇರೆ ಚುಕ್ಕಾಣಿಯವರು ಆಗಲೇ ಬೇರೆ ಹಡಗು ಹತ್ತಿಯಾಗಿತ್ತು. ಅವನಿಲ್ಲದಿದ್ದರೆ ಏಳು ಜನವೂ ಆ ವರ್ಷ ದಡದಲ್ಲಿ ಕುಳಿತಿರಬೇಕು.

ಕೊನೆಗೆ ತಾಂಡೇಲ ಹೇಳಿದ. “ಗೋಡೆ ಒಂದೇ ಅಲ್ಲವೆ? ಕಣ್ಣಿನ ಪರೀಕ್ಷೆಗೆ ನಾವು ಹೋಗುವುದೂ ಅಲ್ಲಿಗೇ. ಇಷ್ಟು ವರ್ಷದಲ್ಲಿ ಅದರ ಅಕ್ಷರ ಬದಲಾದದ್ದನ್ನು ಕಂಡವರು ಉಂಟೋ?”

ಅಂಥವರು ಯಾರೂ ಇರಲಿಲ್ಲ. ಮೊದಲ ಎರಡು ಸಾಲು ತಾಂಡೇಲನಿಗೆ ನೆನಪಿತ್ತು. ಮೂರನೆಯದು ಇಂಜಿನಿನವರಿಗೆ. ಉಳಿದ ಎರಡನ್ನು ಮಿಕ್ಕವರು ಜಗಳವಾಡಿ ಜೋಡಿಸಿದರು. ಅದನ್ನು ಚುಕ್ಕಾಣಿಯವನ ತಲೆಗೆ ಏರಿಸುವ ಕೆಲಸ ಅಡುಗೆಯವನ ಪಾಲಿಗೆ ಬಂತು.

ಬರೀ ಅಕ್ಷರ ಚುಕ್ಕಾಣಿಯವನ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಅಡುಗೆಯವ ತನಗೆ ತಿಳಿದ ದಾರಿ ಹಿಡಿದ. ಒಂದೊಂದು ಅಕ್ಷರಕ್ಕೆ ಒಂದೊಂದು ಮೀನು ಕಟ್ಟಿದ. ಮೇಲಿನ ದೊಡ್ಡ ಅಕ್ಷರ ತ. ಅದಕ್ಕೆ ತಿಮಿಂಗಿಲ. ಅದರ ಕೆಳಗೆ ಅ, ಬ. ಅಂಜಲ, ಬಂಗುಡೆ. ಮೂರನೆಯ ಸಾಲು ಕಾಣೆ, ಮಾಂಜಿ, ಸಿಗಡಿ, ಏಡಿ.

ಇಲ್ಲಿ ಅಡವಯ್ಯ ಶಲ್ಯದ ಅಂಚನ್ನು ಮೂಗಿಗೆ ಹಿಡಿದ.

“ಕತೆಯಲ್ಲಿ ವಾಸನೆ ಇಲ್ಲ, ಮಗನೆ. ಕೇಳು” ಎಂದು ಅವ್ವ ಮುಂದುವರಿಸಿದರು.

ನಾಲ್ಕು ದಿನ ಅಡುಗೆಯವ ಸಾರು ಕದಡುತ್ತ ಕೇಳಿದ, ಚುಕ್ಕಾಣಿಯವ ಗೋಣಿಯ ಮೇಲೆ ಕುಳಿತು ಹೇಳಿದ. ಐದನೆಯ ದಿನ ಒಂದೂ ತಪ್ಪಲಿಲ್ಲ. ಆರನೆಯ ದಿನ ಇಬ್ಬರೂ ಕಚೇರಿಗೆ ಹೋದರು. ಬೀದಿಯಲ್ಲಿ ಚುಕ್ಕಾಣಿಯವನು ಗೆಳೆಯನ ಹೆಗಲ ಮೇಲೆ ಕೈ ಹಾಕಿದವನ ಹಾಗೆ ನಡೆದ. ಅದು ಆಸರೆಯ ಕೈ ಎಂದು ಅಡುಗೆಯವನ ಹೆಗಲಿಗೆ ಮಾತ್ರ ಗೊತ್ತಿತ್ತು.

ಪರೀಕ್ಷೆ ಮಾಡುವ ಅಧಿಕಾರಿ ಹಳಬರು. ಗೋಡೆಗೆ ಬೆನ್ನು ಹಾಕಿ, ಮುಂದೆ ದೊಡ್ಡ ಪುಸ್ತಕ ತೆರೆದುಕೊಂಡು ಕುಳಿತಿದ್ದರು. ಕೈಯಲ್ಲಿ ಒಂದು ಉದ್ದದ ಬೆತ್ತ. ಅದನ್ನು ಹೆಗಲ ಮೇಲಿನಿಂದ ಹಿಂದಕ್ಕೆ ಚಾಚಿ, ತಿರುಗಿ ನೋಡದೆ, ಗೋಡೆಯನ್ನು ಕುಟ್ಟಿ ಕೇಳುವುದು ಅವರ ರೂಢಿ. ಐದೂ ಸಾಲು ಅವರಿಗೆ ಬಾಯಿಪಾಠ.

ಚುಕ್ಕಾಣಿಯವನು ಗೆರೆಯ ಮೇಲೆ ನಿಂತ. ಅಡುಗೆಯವ ಬಾಗಿಲಲ್ಲಿ ನಿಂತು ಗೋಡೆಯ ಕಡೆ ನೋಡಿದ.

ಗೋಡೆ ಬಿಳಿಯಾಗಿತ್ತು.

ಹಬ್ಬದ ರಜೆಯಲ್ಲಿ ಯಾರೋ ಕಚೇರಿಗೆಲ್ಲ ಸುಣ್ಣ ಬಳಿದಿದ್ದರು. ಮೂಲೆಯಲ್ಲಿ ಸುಣ್ಣದ ಬಕೆಟ್ಟು ಇನ್ನೂ ಇತ್ತು. ಐದು ಸಾಲಿನಲ್ಲಿ ಒಂದು ಸಾಲೂ ಇರಲಿಲ್ಲ. ಅಧಿಕಾರಿಗಳು ಹೊಸ ಸುಣ್ಣದ ಘಾಟಿಗೆ ಎರಡು ಸಲ ಸೀನಿದರು. ಮೂಗು ಒರೆಸಿಕೊಂಡು ಬೆತ್ತ ಎತ್ತಿದರು.

“ಇದು?”

“ತ.”

“ಸರಿ. ಇದು?”

“ಅ.”

“ಸರಿ.”

ಬೆತ್ತ ಬರಿಯ ಗೋಡೆಯನ್ನು ಕುಟ್ಟುತ್ತ ಸಾಲಿನಿಂದ ಸಾಲಿಗೆ ಇಳಿಯಿತು. ಕುಟ್ಟಿದಲ್ಲೆಲ್ಲ ಸುಣ್ಣದ ಸಣ್ಣ ಹಕ್ಕಳೆ ಉದುರಿತು. ಒಂದು ಕಡೆ ಚುಕ್ಕಾಣಿಯವನು ತಡವರಿಸಿದ. “ಮಾಂಜಿ” ಎಂದು ತುಟಿಯೊಳಗೇ ಅಂದುಕೊಂಡು, ಆಮೇಲೆ “ಮ” ಎಂದ. ಅಧಿಕಾರಿಗಳು “ಅವಸರ ಬೇಡ, ಚೆನ್ನಾಗಿ ನೋಡಿ ಹೇಳು” ಎಂದರು. ಇಪ್ಪತ್ತೊಂದಕ್ಕೂ ಸರಿ ಬಿತ್ತು. ಮುದ್ರೆಯೂ ಬಿತ್ತು.

ಆ ಕೋಣೆಯಲ್ಲಿ ಗೋಡೆಯನ್ನು ನೋಡಿದವನು ಅಡುಗೆಯವ ಒಬ್ಬನೇ. ಅವನು ಬಾಯಿ ತೆರೆಯಲಿಲ್ಲ. ತೆರೆದರೆ ಇಬ್ಬರು ಹಿರಿಯರ ಮಾನ ಹೋಗುತ್ತದೆ. ಮೇಲಾಗಿ ಕಲಿಸಿದವನು ತಾನೇ. ಎರಡು ದಿನ ಬಿಟ್ಟು ಬಣ್ಣದವನು ಬಂದು ಅಕ್ಷರ ಬರೆದರೆ, ಆ ಗೋಡೆಯೇ ತನ್ನನ್ನು ಸುಳ್ಳುಗಾರ ಎನ್ನುತ್ತದೆ.

ಹೊರಗೆ ಬಂದ ಮೇಲೆ ಚುಕ್ಕಾಣಿಯವನ ನಡಿಗೆಯೇ ಬೇರೆಯಾಯಿತು. ಅವನು ಹೆಗಲ ಮೇಲಿನ ಕೈ ತೆಗೆದ.

“ಒಂದಾದರೂ ತಪ್ಪಿತಾ ಮಾರಾಯ?”

“ಒಂದೂ ತಪ್ಪಲಿಲ್ಲ ಅಣ್ಣಾ.”

“ಸುಣ್ಣ ಬಳಿದಿದ್ದಾರೆ, ಅಲ್ಲವಾ? ಒಳಗೆ ಬೆಳಕು ಜಾಸ್ತಿ. ನಿಜ ಹೇಳುತ್ತೇನೆ, ಕೊನೆಯ ಸಾಲು ಬರುವ ಹೊತ್ತಿಗೆ ನನಗೆ ಒಂದು ಸ್ವಲ್ಪ ಕಂಡ ಹಾಗೇ ಆಯಿತು.”

ಹೀಗೆ ಹೇಳಿ ಅವನು ರಸ್ತೆಯಲ್ಲಿ ಮಲಗಿದ್ದ ನಾಯಿಯನ್ನು ಎಡವಿದ. ನಾಯಿಯನ್ನು ಬೈದ.

ಹಡಗಿನಲ್ಲಿ ಎಲ್ಲರಿಗೂ ಸಂತೋಷವಾಯಿತು. ಪತ್ರ ಕೈಯಿಂದ ಕೈಗೆ ಹೋಯಿತು. ಮೂರು ದಿನ ಸರಕು ತುಂಬಿದರು. ಆ ಮೂರು ದಿನದಲ್ಲಿ ಅಡುಗೆಯವ ಒಂದು ವಿಚಿತ್ರ ಕಂಡ. ಅಕ್ಷರ ಜೋಡಿಸಿ ಕೊಟ್ಟವರೇ, “ಅಷ್ಟೇನೂ ಕೆಟ್ಟಿಲ್ಲ ಅವನ ಕಣ್ಣು. ಪೂರಾ ಕೆಟ್ಟಿದ್ದರೆ ಮುದ್ರೆ ಒತ್ತುತ್ತಿದ್ದರಾ?” ಎಂದು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅದು ತಮಾಷೆಯ ಮಾತಲ್ಲ. ಅವರು ನಂಬಿದ್ದರು. ಕಾಗದ ಬರುವ ತನಕ ಏಳೂ ಜನಕ್ಕೆ ಗೊತ್ತಿದ್ದದ್ದು, ಕಾಗದ ಬಂದ ಮೇಲೆ ಒಬ್ಬನಿಗೆ ಮಾತ್ರ ಉಳಿಯಿತು.

ಹೊರಡುವ ದಿನ ಬಂತು. ದಡದಿಂದ ಹಡಗಿಗೆ ಹಾಕಿದ ಹಲಗೆಯ ಹತ್ತಿರ ಅಡುಗೆಯವ ಚುಕ್ಕಾಣಿಯವನನ್ನು ನಿಲ್ಲಿಸಿದ. ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಅಣ್ಣಾ, ಅಂದು ಆ ಗೋಡೆಯ ಮೇಲೆ ಒಂದೂ ಅಕ್ಷರ ಇರಲಿಲ್ಲ. ಎಲ್ಲದರ ಮೇಲೂ ಸುಣ್ಣ ಬಳಿದಿದ್ದರು.”

ಚುಕ್ಕಾಣಿಯವನು ನಕ್ಕ.

“ಹಾಗಾದರೆ ಅವರು ಸರಿ ಎಂದದ್ದು ಯಾವುದಕ್ಕೆ?”

ಚುಕ್ಕಾಣಿಯವನು ಹಲಗೆ ಹತ್ತಿ ಹೋದ. ಮೂವತ್ತು ವರ್ಷದ ಹಲಗೆ, ಅವನ ಕಾಲಿಗೆ ಅದರ ಅಗಲ ಗೊತ್ತಿತ್ತು.

ಅಡುಗೆಯವ ಹತ್ತಲಿಲ್ಲ. ಹಗ್ಗ ಕಟ್ಟುವ ಗೂಟದ ಮೇಲೆ ಕುಳಿತು, ಬಟ್ಟೆಯ ಗಂಟನ್ನು ಕಾಲ ಬಳಿ ಇಟ್ಟುಕೊಂಡ. ತಾಂಡೇಲ ಮೇಲಿನಿಂದ ಕೂಗಿದ.

“ಏನೋ, ಮುಹೂರ್ತ ಇಟ್ಟು ಕರೆಯಬೇಕೇನೋ ನಿನ್ನನ್ನು?”

“ನಾನು ಬರುವುದಿಲ್ಲ.”

“ನೀನು ಬಾರದಿದ್ದರೆ ಹಡಗು ನಿಲ್ಲುತ್ತದಾ?”

“ನಿಲ್ಲುತ್ತದೆ. ಲೆಕ್ಕಕ್ಕೆ ಇದ್ದೇನಲ್ಲ.”

ಆಗ ತಾಂಡೇಲನಿಗೆ ಕಟ್ಟಳೆ ನೆನಪಾಯಿತು. ಹಡಗಿನ ಮೇಲೆ ಏಳು ಜನ. ಬರೆದದ್ದು ಎಂಟು. ಹಡಗಿನ ಸಾಹುಕಾರ ಓಡಿ ಬಂದ. ಮೊದಲು ಬೈದ. ಆಮೇಲೆ ಬೇಡಿಕೊಂಡ. ಕಾರಣ ಕೇಳಿದ. ಅಡುಗೆಯವ ಕಾರಣ ಹೇಳಲಿಲ್ಲ. ಕಾರಣ ಕೇಳಬೇಕಾದವನಿಗೆ ಅವನು ಆಗಲೇ ಹೇಳಿಯಾಗಿತ್ತು.

“ಇರಲಿ ಬಿಡು. ಅಡುಗೆಯವರಿಗೆ ಬರವಾ? ಪತ್ರವಿದ್ದವನು ಪಕ್ಕದ ಊರಿನಲ್ಲೇ ಇದ್ದಾನೆ. ನಾಳೆ ಬೆಳಿಗ್ಗೆ ಬರುತ್ತಾನೆ. ಬಂದ ಕೂಡಲೇ ಹಗ್ಗ ಬಿಚ್ಚಿ” ಎಂದು ಹೇಳಿ ಸಾಹುಕಾರ ಹೋದ.

ಅಡುಗೆಯವನಿಗೆ ಇದು ಮೊದಲೇ ತಿಳಿದಿತ್ತು. ಎಂಟನೆಯವನ ಶಕ್ತಿ ಒಂದು ದಿನದ್ದು. ಅಷ್ಟನ್ನು ಅವನು ಚುಕ್ಕಾಣಿಯವನಿಗೆ ಕೊಟ್ಟಿದ್ದ. ಅವನು ಗೂಟದಿಂದ ಏಳಲಿಲ್ಲ.

ಹಡಗಿನ ಮೇಲೆ ಚುಕ್ಕಾಣಿಯವನು ಒಬ್ಬನೇ ಅಂಚಿಗೆ ಬಂದು ನಿಂತ. ಅಂಗಿಯ ಒಳಗಿನಿಂದ ಪತ್ರ ತೆಗೆದ. ಕಣ್ಣಿನ ಹತ್ತಿರ ಹಿಡಿದ. ದೂರ ಹಿಡಿದ. ಕೊನೆಗೆ ಹೆಬ್ಬೆರಳಿನಿಂದ ಮುದ್ರೆಯ ಉಬ್ಬನ್ನು ತಡವಿದ. ಆಮೇಲೆ ತಲೆಯೆತ್ತಿ ದಡದ ಕಡೆಗೆ ಕೂಗಿದ.

“ಅಡುಗೆಯವಾ, ಅಲ್ಲೇ ಇದ್ದೀಯಾ?”

ಅಡುಗೆಯವ ಅವನ ಎದುರಿಗೇ, ಹತ್ತು ಮಾರು ದೂರದಲ್ಲಿ, ಹಾಡುಹಗಲ ಬಿಸಿಲಿನಲ್ಲಿ ಕುಳಿತಿದ್ದ.

ಇಷ್ಟು ಹೇಳಿ ಅವ್ವ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಜೋಳ ಕೇರುವ ಸದ್ದು ಶುರುವಾಯಿತು. ಅಡವಯ್ಯ ಕಾದ. ಅವ್ವ ಮುಂದೆ ಹೇಳಲಿಲ್ಲ.

“ಅವ್ವಾ, ಆ ಹಡಗು ಹೊರಟಿತೇ?”

ಅವ್ವ ಮೊರದಿಂದ ಕಣ್ಣೆತ್ತಲಿಲ್ಲ.

“ಹೊರಡುವುದು ನಾಳೆ ಬೆಳಿಗ್ಗೆ ಎಂದು ನೀನೇ ಹೇಳಿದೆಯಲ್ಲ, ಅಡವಯ್ಯ.”